ಒಂದು ಬಕೆಟ್ಟಿನ ಹಾಲು ಕರೆಯುವ ಮೆಷಿನ್: ಕೆಲಸ ಚೆನ್ನ, ಗದ್ದಲ ಜಾಸ್ತಿ

ಮಂಡ್ಯ ಕಡೆ ಡೈರಿಗೆ ಹಾಲು ಹಾಕುವ ನಾಲ್ಕೈದು ಹಸುವಿನ ಕೊಟ್ಟಿಗೆಗೆ ಇದು ಸಾಕು. ಹಾಲೆಳೆಯುವ ನಿರ್ವಾತ 45 ಕಿಲೋಪಾಸ್ಕಲ್, ತೊಟ್ಟನ್ನು ಒತ್ತಿ ಬಿಡುವ ಪಲ್ಸೇಟರ್ ನಿಮಿಷಕ್ಕೆ 60 ಬಡಿತ, ಎರಡೂ ಸರಿಯಾಗಿವೆ. ಆದರೆ ಹಸು ಸೊರ ಬಿಡುವುದು, ಅಂದರೆ ಹಾಲಿಳಿಸುವುದು, ಆಕ್ಸಿಟೋಸಿನ್ ಎಂಬ ಹಾರ್ಮೋನಿನಿಂದ. ಕೆಚ್ಚಲು ತೊಳೆದು, ಒರೆಸಿ, ಮೊದಲ ಧಾರೆಗಳನ್ನು ಕೈಯಲ್ಲೇ ತೆಗೆದರೆ ಅದು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ರಕ್ತಕ್ಕಿಳಿದು, ಹಾಲಿನ ಗೂಡುಗಳ ಸುತ್ತಲಿನ ಸ್ನಾಯುಕೋಶಗಳು ಹಿಂಡುವಂತೆ ಮಾಡುತ್ತದೆ. ಸುಮಾರು ಒಂದು ನಿಮಿಷ ಬಿಟ್ಟು ತೊಟ್ಟುಗಳಿಗೆ ಮೆಷಿನ್ನಿನ ಕಪ್ ಹಾಕಿ. ಪರಿಣಾಮ ಐದಾರು ನಿಮಿಷವಷ್ಟೇ.

ಮೋಟರ್ ಗದ್ದಲವೇ ಇದರ ದೊಡ್ಡ ಕೊರತೆ. ಹೊಸ ಹಸು ಬೆದರಿದರೆ ಅಡ್ರಿನಾಲಿನ್ ಎಂಬ ಭಯದ ಹಾರ್ಮೋನ್ ಏರಿ ಹಾಲು ಕಟ್ಟಿಕೊಳ್ಳುತ್ತೆ. ಪೈಪ್ ಉದ್ದ ಮಾಡಿಸಿ ಮೋಟರನ್ನು ಗೋಡೆಯಾಚೆ ಇಡಿ; ಹಾಲಿಳಿಸಲು ಕೊಡುವ ಆಕ್ಸಿಟೋಸಿನ್ ಇಂಜೆಕ್ಷನ್ ತಂಟೆಗಂತೂ ಹೋಗಲೇಬೇಡಿ. ಹಾಲು ನಿಂತ ಮೇಲೂ ಕಪ್ ಬಿಟ್ಟರೆ ತೊಟ್ಟಿನ ತುದಿ ಒರಟಾಗಿ ಕೆಚ್ಚಲುಬಾವು ಬರಬಹುದು. ಕಪ್ಪಿನೊಳಗಿನ ರಬ್ಬರ್ ಲೈನರ್ ಬಿಡಿಯಾಗಿ ಸಿಗುತ್ತದೋ ಇಲ್ಲವೋ ಕೇಳಿಯೇ ದುಡ್ಡು ಕೊಡಿ.