ಕಲಾ ಇತಿಹಾಸದ ಜೊತೆಗೆ ಯಾವ ವಿಷಯ? ಇತಿಹಾಸ, ಮಾನವಶಾಸ್ತ್ರ, ಪರ್ಷಿಯನ್: ಮೂರನ್ನೂ ಓದಿ ನೋಡಿದ ಮೇಲೆ

ಏಷ್ಯಾ, ಆಫ್ರಿಕಾಗಳ ಕಲೆಯ ಇತಿಹಾಸವನ್ನು ಪದವಿಯಲ್ಲೇ ಓದಬೇಕು ಅನ್ನುವವರು ನಮ್ಮ ಕಡೆ ಬೆರಳೆಣಿಕೆಯಷ್ಟು. ಅದಕ್ಕಾಗಿ ಹೊರದೇಶಕ್ಕೆ ಹೊರಟವರು ನನಗೆ ಕೇಳುವ ಮೊದಲ ಪ್ರಶ್ನೆ ಹೆಚ್ಚಾಗಿ ಇದೇ: "ಅಕ್ಕಾ, ಜೊತೆಗೆ ಯಾವ ಸಬ್ಜೆಕ್ಟ್ ತಗೊಳ್ಳಲಿ?" ನಮ್ಮ ಬಿಎಯಲ್ಲಿ ಎಚ್‌ಇಪಿ, ಎಚ್‌ಇಕೆ ಎಂದು ಕಾಂಬಿನೇಶನ್ ಇರುವ ಹಾಗೆ ಬ್ರಿಟನ್ನಿನಲ್ಲಿ ಎರಡು ವಿಷಯ ಜೋಡಿಸಿದ ಪದವಿಗಳಿವೆ. ಸಾಮಾನ್ಯವಾಗಿ ಮೂರು ವರ್ಷದ ಓದು, ವರ್ಷಕ್ಕೆ 120 ಕ್ರೆಡಿಟ್, ಒಟ್ಟು 360. ಅದು ಎರಡು ವಿಷಯಕ್ಕೂ ಹೆಚ್ಚುಕಮ್ಮಿ ಅರ್ಧರ್ಧ ಹಂಚಿಹೋಗುತ್ತದೆ. ಹೊರಗಿನ ವಿಷಯವೊಂದನ್ನು ಓದಿಕೊಳ್ಳುವುದಕ್ಕೂ ಒಂದಿಷ್ಟು ಜಾಗ ಉಳಿಯುತ್ತದೆ. ನಾನು ಲಂಡನ್ನಿನಲ್ಲಿ ಸೇರಿದ್ದು ಕಲಾ ಇತಿಹಾಸ ಮತ್ತು ಇತಿಹಾಸದ ಜೋಡಿಗೆ. ಉಳಿದ ಜಾಗದಲ್ಲಿ ಪರ್ಷಿಯನ್ ಭಾಷೆ ಹಾಕಿಕೊಂಡೆ, ಮುಂದಿನ ವರ್ಷ ಮಾನವಶಾಸ್ತ್ರವನ್ನೂ ಸೇರಿಸಿದೆ. ಮೂರೂ ತರಗತಿಗಳಲ್ಲಿ ಕೂತು, ಮೂರರಲ್ಲೂ ಪ್ರಬಂಧ ಬರೆದು, ಮೂರರ ಪರೀಕ್ಷೆಯನ್ನೂ ಬರೆದವಳಾಗಿ ಇದನ್ನು ಹೇಳುತ್ತಿದ್ದೇನೆ.

ನನ್ನ ತೀರ್ಮಾನ ಭಾಷೆಯ ಕಡೆಗೆ. ಆದರೆ ಉಳಿದೆರಡನ್ನು ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ಯಾವ ನಾಡಿನ ಕಲೆ ಓದಲು ಹೊರಟಿದ್ದೀರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಇತಿಹಾಸದಿಂದ ಶುರು ಮಾಡುತ್ತೇನೆ. ಹೆಚ್ಚಿನವರು ಆರಿಸಿಕೊಳ್ಳುವುದು ಅದನ್ನೇ, ಮನೆಯವರು ಒಪ್ಪುವುದೂ ಅದಕ್ಕೇ. ಬ್ರಿಟಿಷ್ ಮ್ಯೂಸಿಯಂನ ನೆಲಮಾಳಿಗೆಯಲ್ಲಿ ಆಫ್ರಿಕಾದ ಗ್ಯಾಲರಿ ಇದೆ. ಅಲ್ಲಿ ಬೆನಿನ್ ರಾಜ್ಯದ, ಅಂದರೆ ಇಂದಿನ ನೈಜೀರಿಯಾದ ಬೆನಿನ್ ಸಿಟಿಯ ಹಿತ್ತಾಳೆ ಫಲಕಗಳನ್ನು ಉದ್ದುದ್ದ ಕಂಬಿಗಳಿಗೆ ಸಾಲಾಗಿ ಜೋಡಿಸಿದ್ದಾರೆ. ಹತ್ತಿರ ಹೋಗಿ ನೋಡಿದರೆ ಫಲಕದ ಅಂಚಿನಲ್ಲಿ ಮೊಳೆ ಹೊಡೆದ ತೂತುಗಳು ಕಾಣುತ್ತವೆ. ಇವು ಅರಮನೆಯ ಕಂಬಗಳಿಗೆ ಹೊದಿಸಿದ್ದ ಫಲಕಗಳು. ಅದಕ್ಕೆ ಲಿಖಿತ ಆಧಾರವೆಂದು ಎಲ್ಲರೂ ತೋರಿಸುವುದು ಓಲ್ಫರ್ಟ್ ಡಾಪರ್ ಎಂಬ ಡಚ್ಚರವನು 1668ರಲ್ಲಿ ಪ್ರಕಟಿಸಿದ ವರ್ಣನೆಯನ್ನು. ಡಾಪರ್ ಆಫ್ರಿಕಾಕ್ಕೆ ಕಾಲಿಟ್ಟವನೇ ಅಲ್ಲ, ಬೇರೆಯವರು ಬರೆದದ್ದನ್ನು ಒಟ್ಟುಹಾಕಿ ಬರೆದವನು ಎಂಬುದನ್ನು ನಾನು ಇತಿಹಾಸದ ತರಗತಿಯಲ್ಲಿ ಕಲಿತೆ. ಹಾಗೆಂದು ಅವನ ಮಾತನ್ನು ತಳ್ಳಿಹಾಕುವಂತಿಲ್ಲ, ಯಾಕೆಂದರೆ ತೂತುಗಳು ಕಣ್ಣೆದುರಿಗಿವೆ. ಬರಹವನ್ನೂ ವಸ್ತುವನ್ನೂ ಎದುರುಬದುರು ಕೂರಿಸಿ ಸಾಕ್ಷಿ ಕೇಳುವ ಈ ಪದ್ಧತಿಗಾಗಿ ಇತಿಹಾಸಕ್ಕೆ ನಾನು ಸದಾ ಋಣಿ.

ಇನ್ನೊಂದು ಲಾಭವೂ ಇದೆ. 1897ರಲ್ಲಿ ಬ್ರಿಟಿಷ್ ಸೇನೆ ಬೆನಿನ್ ಅರಮನೆಯನ್ನು ಸೂರೆ ಮಾಡಿ ಸಾವಿರಾರು ವಸ್ತುಗಳನ್ನು ಹೊತ್ತು ತಂದಿತು. ಲಂಡನ್ನಿನ ಹಾರ್ನಿಮನ್ ಮ್ಯೂಸಿಯಂ 2022ರಲ್ಲಿ ತನ್ನಲ್ಲಿದ್ದ 72 ವಸ್ತುಗಳ ಒಡೆತನವನ್ನು ನೈಜೀರಿಯಾಕ್ಕೆ ಬಿಟ್ಟುಕೊಟ್ಟಿತು. ಅದೇ ವರ್ಷ ಜರ್ಮನಿಯೂ ಸಾವಿರಕ್ಕೂ ಹೆಚ್ಚು ವಸ್ತುಗಳ ಹಕ್ಕನ್ನು ಬಿಟ್ಟುಕೊಟ್ಟಿತು. ಬ್ರಿಟಿಷ್ ಮ್ಯೂಸಿಯಂ ಮಾತ್ರ, ಸಂಗ್ರಹದ ವಸ್ತುಗಳನ್ನು ಬಿಟ್ಟುಕೊಡದಂತೆ ತಡೆಯುವ 1963ರ ಕಾಯಿದೆಯನ್ನು ಮುಂದಿಟ್ಟು ಕೂತಿದೆ. ಯಾವ ವಸ್ತು ಯಾರ ಕೈಯಿಂದ ಯಾರ ಕೈಗೆ, ಯಾವ ರಸೀದಿಯ ಮೇಲೆ ಹೋಯಿತು ಎಂದು ಹುಡುಕಬಲ್ಲವರು ಈಗ ಮ್ಯೂಸಿಯಂಗಳಿಗೆ ಬೇಕು. ಇತಿಹಾಸ ಓದಿದವರಿಗೆ ಆ ಕೆಲಸ ಕೈಗೆ ಹತ್ತುತ್ತದೆ. ನೌಕರಿಯ ದೃಷ್ಟಿಯಿಂದ ಇದನ್ನು ಆರಿಸುವವರನ್ನು ನಾನು ತಡೆಯುವುದಿಲ್ಲ.

ಆದರೆ ಒಂದು ಕೊರತೆ ಮೊದಲ ವರ್ಷದಲ್ಲೇ ಕಣ್ಣಿಗೆ ಬಿತ್ತು. ಕಲಾ ಇತಿಹಾಸದ ಪ್ರಾಧ್ಯಾಪಕರು ಓದಲು ಕೊಟ್ಟದ್ದೂ ಇತಿಹಾಸದ ಪ್ರಾಧ್ಯಾಪಕರು ಓದಲು ಕೊಟ್ಟದ್ದೂ ಅರ್ಧಕ್ಕರ್ಧ ಒಂದೇ. ಎರಡೂ ಕಡೆ ಇಂಗ್ಲಿಷಿನಲ್ಲಿ ಬರೆದ ಪುಸ್ತಕ, ಎರಡೂ ಕಡೆ ಅವೇ ವಾದಗಳು. ಆ ಪುಸ್ತಕಗಳನ್ನು ಪದವಿ ಮುಗಿದ ಮೇಲೂ ನಾನೇ ಓದಿಕೊಳ್ಳಬಹುದಿತ್ತು, ಈಗಲೂ ಓದುತ್ತಿದ್ದೇನೆ. ಇಷ್ಟು ದುಡ್ಡು ಸುರಿದು ಓದುವಾಗ, ಮುಂದೆ ಒಬ್ಬರೇ ಕೂತು ಕಲಿಯಲಾಗದ್ದನ್ನು ಪದವಿಯೊಳಗೆ ಕಲಿಯಬೇಕು ಎಂಬುದೇ ನನ್ನ ಅಳತೆಗೋಲು. ಈ ದುಡ್ಡಿನ ಮಾತು ಸಣ್ಣದಲ್ಲ. ಅಲ್ಲಿನ ವಿದ್ಯಾರ್ಥಿಗಳಿಗೆ ವರ್ಷದ ಶುಲ್ಕದ ಮಿತಿ 9,250 ಪೌಂಡ್ ಇದ್ದಾಗ ನಮ್ಮಂಥ ಹೊರಗಿನವರು ಕಟ್ಟುತ್ತಿದ್ದದ್ದು ಹೆಚ್ಚುಕಮ್ಮಿ ಅದರ ದುಪ್ಪಟ್ಟು.

ಮಾನವಶಾಸ್ತ್ರ ಈ ಅಳತೆಯಲ್ಲಿ ಇತಿಹಾಸಕ್ಕಿಂತ ಮೇಲೆ ನಿಲ್ಲುತ್ತದೆ. ಅದೇ ಬೆನಿನ್ ಗ್ಯಾಲರಿಯಲ್ಲಿ ಹಿತ್ತಾಳೆಯ ತಲೆಗಳಿವೆ. ಅವುಗಳ ನೆತ್ತಿಯ ಮೇಲೆ ದುಂಡನೆಯ ತೂತು. ಇತಿಹಾಸದ ಕಣ್ಣಿನಿಂದ ನೋಡಿದಾಗ ನಾನು ಆ ತಲೆ ಯಾವ ಶತಮಾನದ್ದು ಎಂದು ಕೇಳಿದ್ದೆ. ಮಾನವಶಾಸ್ತ್ರದ ಪಾಠವಾದ ಮೇಲೆ ಅದೇ ತೂತಿನ ಮುಂದೆ ನಿಂತು ಬೇರೆ ಪ್ರಶ್ನೆ ಕೇಳಿದೆ. ಅದು ಕೆತ್ತನೆ ಮಾಡಿದ ಆನೆದಂತವನ್ನು ಸಿಕ್ಕಿಸುವ ಜಾಗ. ತಲೆಯೂ ದಂತವೂ ಸೇರಿ ತೀರಿಹೋದ ಓಬನ, ಅಂದರೆ ಅರಸನ, ಪೂಜಾಸ್ಥಾನದಲ್ಲಿ ಇರುತ್ತಿದ್ದವು. ಹೊಸದಾಗಿ ಪಟ್ಟಕ್ಕೆ ಬಂದವನು ಹಿಂದಿನವನಿಗಾಗಿ ಅದನ್ನು ಮಾಡಿಸಬೇಕು. ಎರಕ ಹೊಯ್ಯುವ ಹಕ್ಕು ಒಂದೇ ಕುಲಕಸುಬಿನವರದ್ದು, ಮೇಣದ ಅಚ್ಚಿನ ಎರಕ. ಬೆನಿನ್ ಸಿಟಿಯ ಇಗುನ್ ಬೀದಿಯಲ್ಲಿ ಇವತ್ತಿಗೂ ಆ ಮನೆತನಗಳು ಕೆಲಸ ಮಾಡುತ್ತಿವೆ. ಗಾಜಿನ ಪೆಟ್ಟಿಗೆಯಲ್ಲಿ ದಂತವಿಲ್ಲದೆ ಕೂತ ತಲೆಯನ್ನು ನೋಡಿ 'ಎಂಥ ಶಿಲ್ಪ' ಎಂದು ಮೆಚ್ಚಿಕೊಂಡು ಮುಂದೆ ಹೋಗುವುದು ಆಮೇಲೆ ನನ್ನಿಂದ ಆಗಲಿಲ್ಲ.

ತುಳುನಾಡಿನ ಭೂತಕೋಲ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಂಜುರ್ಲಿ ದೈವದ ಲೋಹದ ಮೊಗವನ್ನು ಗೋಡೆಗೆ ತೂಗುಹಾಕಿ, ಕೆಳಗೆ ಶತಮಾನ ಬರೆದರೆ ದೈವದ ಕಥೆ ಹಾಡುವ ಪಾಡ್ದನ ಎಲ್ಲಿ, ಬೆನ್ನಿಗೆ ಕಟ್ಟುವ ಅಣಿ ಎಲ್ಲಿ, ದೈವದ ಎದುರು ಕೈಮುಗಿದು ನ್ಯಾಯ ಕೇಳುವ ಊರವರೆಲ್ಲಿ? ನನ್ನ ತರಗತಿಯಲ್ಲಿ ನಾನು ಇದನ್ನೇ ಉದಾಹರಣೆಯಾಗಿ ಕೊಟ್ಟೆ, ಆಫ್ರಿಕಾದ ಸಹಪಾಠಿಗಳಿಗೆ ತಕ್ಷಣ ಹಿಡಿಸಿತು. ಬರವಣಿಗೆಗಿಂತ ಹಾಡು, ಕುಣಿತ, ಆಚರಣೆಗಳಲ್ಲಿ ನೆನಪನ್ನು ಕಾಪಾಡಿಕೊಂಡು ಬಂದ ನಾಡುಗಳ ಕಲೆ ನಿಮ್ಮ ಆಸಕ್ತಿಯಾಗಿದ್ದರೆ, ಅದು ಪಶ್ಚಿಮ ಆಫ್ರಿಕಾ ಇರಲಿ, ಪಪುವಾ ನ್ಯೂ ಗಿನಿ ಇರಲಿ, ಜೋಡಿ ಮಾನವಶಾಸ್ತ್ರವೇ ಆಗಲಿ. ಅಲ್ಲಿ ಬೇರೆ ಯಾವುದೂ ಅದಕ್ಕೆ ಸಾಟಿಯಾಗದು.

ಕಷ್ಟ ಇರುವುದು ಇನ್ನೊಂದು ಕಡೆ. ಸಿದ್ಧಾಂತದ ಓದು ಬಹಳ. ವಾರಗಟ್ಟಲೆ ಒಂದು ವಸ್ತುವನ್ನೂ ನೋಡದೆ, ಯಾರು ಯಾರ ವಾದವನ್ನು ಮುರಿದರು ಎಂಬುದರಲ್ಲೇ ಕಳೆದುಹೋಗುತ್ತದೆ. ಕಣ್ಣಿಗೆ ಅಭ್ಯಾಸ ತಪ್ಪಿದರೆ ಕಲಾ ಇತಿಹಾಸದ ವಿದ್ಯಾರ್ಥಿಗೆ ಅದು ದೊಡ್ಡ ನಷ್ಟ. ವಾರಕ್ಕೊಮ್ಮೆಯಾದರೂ ಮ್ಯೂಸಿಯಂಗೆ ಹೋಗಿ ಪೆನ್ಸಿಲಿನಲ್ಲಿ ಒಂದೊಂದು ವಸ್ತುವನ್ನು ಬರೆದುಕೊಳ್ಳುತ್ತಿದ್ದೆ. ಚಿತ್ರ ಚೆನ್ನಾಗಿ ಬರಬೇಕೆಂದಲ್ಲ, ಬರೆಯುವಾಗ ಕಣ್ಣು ಹೆಚ್ಚು ಹೊತ್ತು ನಿಲ್ಲುತ್ತದೆ.

ಇನ್ನು ಭಾಷೆ.

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಇರಾನಿನ ಅರ್ದಬಿಲ್ ರತ್ನಗಂಬಳಿ ಇದೆ. ಸುಮಾರು ಹತ್ತೂವರೆ ಮೀಟರ್ ಉದ್ದ, ಐದು ಮೀಟರಿಗೂ ಹೆಚ್ಚು ಅಗಲ. 1893ರಲ್ಲಿ 2,000 ಪೌಂಡ್ ಕೊಟ್ಟು ಕೊಂಡದ್ದು. ಬಹಳ ವರ್ಷ ಗೋಡೆಗೆ ತೂಗುಹಾಕಿದ್ದರು, 2006ರಿಂದ ನೆಲದ ಮೇಲೆ ಹಾಸಿ ಸುತ್ತಲೂ ಗಾಜು ಕಟ್ಟಿದ್ದಾರೆ. ಬಣ್ಣ ಮಾಸಬಾರದೆಂದು ಅರ್ಧ ಗಂಟೆಗೊಮ್ಮೆ ಹತ್ತೇ ನಿಮಿಷ ದೀಪ ಹಾಕುತ್ತಾರೆ. ಮೂರೂ ವಿಷಯಗಳಿಗಾಗಿ ನಾನು ಇದರ ಮುಂದೆ ಕೂತಿದ್ದೇನೆ, ಹಾಗಾಗಿ ನನ್ನ ಮಟ್ಟಿಗೆ ಹೋಲಿಕೆ ಮಾಡಲು ಇದಕ್ಕಿಂತ ಒಳ್ಳೆಯ ವಸ್ತು ಇಲ್ಲ. ಜೋಡಿಯಾಗಿದ್ದ ಎರಡು ಗಂಬಳಿಗಳಲ್ಲಿ ಒಂದರ ತುಣುಕು ತೆಗೆದು ಇನ್ನೊಂದನ್ನು ಸರಿಮಾಡಿ ಮಾರಿದರು ಎಂದು ಇತಿಹಾಸ ಹೇಳಿಕೊಟ್ಟಿತು. ತುಣುಕು ಕೊಟ್ಟು ಅಂಚು ಕಳೆದುಕೊಂಡ ಗಂಬಳಿ ಈಗ ಲಾಸ್ ಏಂಜಲೀಸಿನ ಮ್ಯೂಸಿಯಂನಲ್ಲಿದೆ. ಇರಾನನ್ನು ಆಳಿದ ಸಫವಿ ಮನೆತನದ ಮೂಲಪುರುಷ ಶೇಖ್ ಸಫಿಯ ದರ್ಗಾದಲ್ಲಿ ಹಾಸಿದ್ದನ್ನು ಗೋಡೆಗೆ ತೂಗುಹಾಕಿದರೆ ಏನು ಕಳೆದುಹೋಗುತ್ತದೆ ಎಂದು ಮಾನವಶಾಸ್ತ್ರ ಕೇಳಿಸಿತು.

ಗಂಬಳಿಯ ಒಂದು ತುದಿಯಲ್ಲಿ ಸಣ್ಣ ಚೌಕಟ್ಟಿನೊಳಗೆ ನಾಲ್ಕು ಸಾಲಿನ ಬರಹ ಇದೆ. ಮೊದಲ ಸಲ ಹೋದಾಗ ಅದು ನನಗೆ ಇನ್ನೊಂದು ಬಳ್ಳಿಯಂತೆ ಕಂಡಿತ್ತು. ಭಾಷೆ ಒಂದಿಷ್ಟು ಕೈಗೆ ಬಂದ ಮೇಲೆ, ದೀಪ ಹತ್ತಿದ ಆ ಹತ್ತು ನಿಮಿಷದಲ್ಲಿ ಅಕ್ಷರ ಕೂಡಿಸಿಕೊಂಡು ಓದಿದೆ. ಮೊದಲು ಪರ್ಷಿಯನ್ ಕವಿ ಹಾಫಿಜನ ದ್ವಿಪದಿ, ನಿನ್ನ ಹೊಸ್ತಿಲಲ್ಲದೆ ಲೋಕದಲ್ಲಿ ನನಗೆ ಬೇರೆ ಆಸರೆಯಿಲ್ಲ ಎಂಬ ಅರ್ಥದ್ದು. ಅದರ ಕೆಳಗೆ ಕಾಶಾನಿನ ಮಕ್ಸೂದ್ ಎಂಬ ಹೆಸರು, ಕೊನೆಗೆ ಹಿಜರಿ 946, ಅಂದರೆ 1539–40. ಅನುವಾದ ಪಕ್ಕದ ಫಲಕದಲ್ಲೂ ಸಿಗುತ್ತದೆ, ನಿಜ. ಆದರೆ ನೀವೇ ಓದಿದಾಗ ಫಲಕದಲ್ಲಿಲ್ಲದ ಪ್ರಶ್ನೆಗಳು ಹುಟ್ಟುತ್ತವೆ: ಇಷ್ಟು ದೊಡ್ಡ ಹಾಸಿನಲ್ಲಿ ಬರಹ ಒಂದೇ ತುದಿಯಲ್ಲಿ ಯಾಕೆ, ಯಾವ ಬಾಗಿಲಿನಿಂದ ಬಂದವರ ಕಣ್ಣಿಗೆ ಅದು ನೆಟ್ಟಗೆ ಕಾಣುತ್ತಿತ್ತು, ಮಕ್ಸೂದ್ ನೇಯ್ದವನೋ ನೇಯಿಸಿದವನೋ? ನನ್ನ ಎರಡನೇ ವರ್ಷದ ದೊಡ್ಡ ಪ್ರಬಂಧ ಆ ಪ್ರಶ್ನೆಗಳಿಂದಲೇ ಬೆಳೆಯಿತು. ಅಷ್ಟು ಹೊತ್ತಿಗೆ ನನ್ನ ಪದವಿಯ ಜೋಡಿಯನ್ನೇ ಇತಿಹಾಸದಿಂದ ಪರ್ಷಿಯನ್ನಿಗೆ ಬದಲಿಸಿಕೊಂಡಿದ್ದೆ.

ನಾನು ವಿಜಯಪುರದವಳು, ಈ ಆಯ್ಕೆಯಲ್ಲಿ ಊರಿನ ಪಾಲೂ ಇದೆ. ರಜೆಗೆ ಬಂದಾಗ ಇಬ್ರಾಹಿಂ ರೋಜಾಕ್ಕೆ ಹೋದೆ. ಚಿಕ್ಕಂದಿನಿಂದ ನೋಡಿದ ಕಟ್ಟಡ. ಅಲ್ಲಿನ ಪರ್ಷಿಯನ್ ಶಾಸನದಲ್ಲಿ ಕಟ್ಟಿಸುವ ಹೊಣೆ ಹೊತ್ತ ಮಲಿಕ್ ಸಂದಲ್‌ನ ಹೆಸರಿದೆ, ತಗಲಿದ ಖರ್ಚು ಒಂದೂವರೆ ಲಕ್ಷ ಹೊನ್ನು ಎಂಬ ಲೆಕ್ಕವೂ ಇದೆ. ಗೈಡ್ ಹೇಳಿದ್ದನ್ನು ಎಷ್ಟೋ ಸಲ ಕೇಳಿದ್ದ ಆ ಹೆಸರನ್ನು ಕಲ್ಲಿನ ಮೇಲೆ ನಾನೇ ಓದಿದಾಗ ಆದ ಸಂತೋಷ ಹೇಳತೀರದು. ಹಾಗೆಯೇ ಭಾಷೆಯ ಮಿತಿಯೂ ಅಲ್ಲೇ ಗೊತ್ತಾಯಿತು. ಅಲ್ಲಿನ ಕಿಟಕಿಗಳ ಕಲ್ಲಿನ ಜಾಲರಿಯನ್ನೇ ಅಕ್ಷರಗಳಾಗಿ ಕೊರೆದಿದ್ದಾರೆ, ಬೆಳಕು ಅಕ್ಷರಗಳ ಸಂದಿನಿಂದ ಒಳಗೆ ಬರುತ್ತದೆ. ಅದು ಅರಬ್ಬಿ. ಲಿಪಿ ಪರಿಚಯವಿದ್ದರೂ ಅರ್ಥಕ್ಕೆ ನಾನು ಪಕ್ಕದಲ್ಲಿದ್ದ ಹಿರಿಯರೊಬ್ಬರನ್ನು ಕೇಳಬೇಕಾಯಿತು. ಒಂದು ಭಾಷೆ ಒಂದು ಬಾಗಿಲನ್ನಷ್ಟೇ ತೆರೆಯುತ್ತದೆ. ಬೆನಿನ್ ಗ್ಯಾಲರಿಯಲ್ಲಿ ನನ್ನ ಪರ್ಷಿಯನ್ ಏನೂ ಉಪಯೋಗಕ್ಕೆ ಬರಲಿಲ್ಲ.

ದುಡಿಮೆ ವಿಪರೀತ ಎಂಬುದನ್ನೂ ಹೇಳಬೇಕು. ಉಳಿದ ವಿಷಯಗಳಲ್ಲಿ ಪ್ರಬಂಧದ ಗಡುವಿನ ಹಿಂದಿನ ವಾರ ನಿದ್ದೆಗೆಟ್ಟರೆ ನಡೆಯುತ್ತದೆ, ಭಾಷೆಯಲ್ಲಿ ದಿನವೂ ಕೂರಬೇಕು. ಪರ್ಷಿಯನ್ ಬರಹದಲ್ಲಿ ಹ್ರಸ್ವ ಸ್ವರಗಳನ್ನು ಬರೆಯುವುದಿಲ್ಲ, ಪದ ಗೊತ್ತಿದ್ದರೆ ಮಾತ್ರ ಸರಿಯಾಗಿ ಓದಲಾಗುತ್ತದೆ. ಬರೆದಂತೆ ಓದುವ ಕನ್ನಡದಿಂದ ಹೋದವರಿಗೆ ಇದು ಆರಂಭದಲ್ಲಿ ಬಹಳ ಕಾಡುತ್ತದೆ. ಓಣಿಯಲ್ಲಿ ದಖ್ಖನಿ ಕೇಳಿ ಬೆಳೆದದ್ದರಿಂದ ಪದಗಳ ವಿಷಯದಲ್ಲಿ ನನಗೆ ಕೊಂಚ ಅನುಕೂಲವಾಯಿತು. ಚೀನಿ, ಜಪಾನಿ ಆರಿಸಿದರೆ ಸಾಮಾನ್ಯವಾಗಿ ಪದವಿ ನಾಲ್ಕು ವರ್ಷದ್ದಾಗುತ್ತದೆ, ಒಂದು ವರ್ಷ ಆ ದೇಶದಲ್ಲೇ ಓದು. ಖರ್ಚೂ ಅಷ್ಟೇ ಏರುತ್ತದೆ. ಆದರೂ ಚೀನಿ ಆರಿಸಿದ ಗೆಳತಿಯೊಬ್ಬಳು ಬ್ರಿಟಿಷ್ ಮ್ಯೂಸಿಯಂನ ಡೇವಿಡ್ ಹೂದಾನಿಗಳ ಕೊರಳ ಮೇಲಿನ ನೀಲಿ ಬರಹದಿಂದ 1351ಕ್ಕೆ ಸರಿಹೊಂದುವ ವರ್ಷವನ್ನು ಓದಿ ಹೇಳಿದಾಗ, ಅವಳ ಆ ಹೆಚ್ಚುವರಿ ವರ್ಷ ದಂಡವಾಗಲಿಲ್ಲ ಅನ್ನಿಸಿತು. ನೀಲಿ-ಬಿಳಿ ಪಿಂಗಾಣಿಯ ಕಾಲನಿರ್ಣಯಕ್ಕೆ ಆ ಜೋಡಿ ಹೂದಾನಿಗಳೇ ದೊಡ್ಡ ಆಧಾರ.

ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಕಾನೂನಿನ ಜೋಡಿಗಳೂ ಕೆಲವೆಡೆ ಸಿಗುತ್ತವೆ. ನಾನು ಅವನ್ನು ಓದಿ ನೋಡಿಲ್ಲ, ಆದ್ದರಿಂದ ಅವುಗಳ ಬಗ್ಗೆ ಮಾತಿಲ್ಲ.

ಕರ್ನಾಟಕದ ಕಲೆಯನ್ನೇ ಓದಬೇಕೆನ್ನುವವರಿಗೆ ಒಂದು ಮಾತು. ನಿಮ್ಮ ಭಾಷೆ ಕೈಯಲ್ಲೇ ಇದೆ, ಬೇಕಾದದ್ದು ಹಳಗನ್ನಡ ಮತ್ತು ಶಾಸನಲಿಪಿ. ಬೇಲೂರಿನ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಸಿಗುತ್ತದೆ. ಭಾರತದ ಶಿಲ್ಪಿಗಳು ಹೆಸರಿಲ್ಲದವರು ಎಂದು ಪಾಶ್ಚಾತ್ಯ ಪಠ್ಯದಲ್ಲಿ ಓದಿ ಬಂದವರಿಗೆ ಉತ್ತರ ಆ ಪೀಠಗಳ ಮೇಲೆಯೇ ಇದೆ, ಅದೂ ಕನ್ನಡದಲ್ಲಿ. ಅದಕ್ಕಾಗಿ ಲಂಡನ್ನಿಗೆ ಹೋಗಬೇಕಾಗಿಲ್ಲ. ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯದಲ್ಲಿ, ಶಾಂತಿನಿಕೇತನದ ಕಲಾಭವನದಲ್ಲಿ ಕಲಾ ಇತಿಹಾಸವನ್ನು ಓದಬಹುದು, ಶಾಸನಗಳ ಓದನ್ನು ಊರಿಗೆ ಬಂದು ಕಲಿಯಬಹುದು.

ಹೊರಗೆ ಹೋಗುವವರು ಅರ್ಜಿ ಹಾಕುವ ಮೊದಲು ವಿಶ್ವವಿದ್ಯಾಲಯಕ್ಕೆ ಮಿಂಚಂಚೆ ಬರೆದು ಮೂರು ವಿಷಯ ಖಾತ್ರಿ ಮಾಡಿಕೊಳ್ಳಿ. ಭಾಷೆಯನ್ನು ಕೊನೆಯ ವರ್ಷದವರೆಗೂ ಕ್ರೆಡಿಟ್ ಸಹಿತ ಕಲಿಸುತ್ತಾರೋ, ಮೊದಲ ವರ್ಷಕ್ಕೇ ನಿಲ್ಲಿಸುತ್ತಾರೋ ಕೇಳಿ. ಮೊದಲ ವರ್ಷದ ಕೊನೆಗೆ ಜೋಡಿ ಬದಲಿಸಲು ಅವಕಾಶ ಇದೆಯೋ, ವೀಸಾಕ್ಕೆ ಅದರಿಂದ ತೊಂದರೆ ಬರುತ್ತದೆಯೋ ಎಂದೂ ವಿಚಾರಿಸಿ. ಕೊನೆಯ ವರ್ಷದ ಪ್ರೌಢಪ್ರಬಂಧಕ್ಕೆ ಎರಡೂ ವಿಭಾಗದಿಂದ ಮಾರ್ಗದರ್ಶಕರು ಸಿಗುತ್ತಾರೋ ಎಂಬುದು ಮೂರನೆಯದು. ಪಾಠಪಟ್ಟಿ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಹಾಗಾಗಿ ಸೀನಿಯರ್‌ಗಳ ಮಾತಿನ ಮೇಲೆ, ನನ್ನದೂ ಸೇರಿದಂತೆ, ನಿಲ್ಲದೆ ನೀವು ಸೇರುವ ವರ್ಷದ ಪಟ್ಟಿಯನ್ನೇ ತರಿಸಿಕೊಂಡು ನೋಡಿ.