ಡೀಸೆಲ್ ಬಿಟ್ಟು ಸೋಲಾರ್ ಪಂಪ್: ಗದಗ ಕಡೆಯ ಹೊಲದಲ್ಲಿ ಒಂದು ವರ್ಷ

ನಮ್ಮದು ಗದಗ ತಾಲ್ಲೂಕಿನ ಎರೆ ಹೊಲ, ಈರುಳ್ಳಿ, ಮೆಣಸಿನಕಾಯಿ ಬೆಳೆಯುತ್ತೇವೆ. ಮೊದಲು 5 ಎಚ್‌ಪಿ ಡೀಸೆಲ್ ಪಂಪ್ ಇತ್ತು, ತಾಸಿಗೆ ಹತ್ತಿರ ಹತ್ತಿರ ಒಂದು ಲೀಟರ್ ಕುಡಿಯುತ್ತಿತ್ತು, ಕ್ಯಾನ್ ಹಿಡಿದು ಬಂಕಿಗೆ ಓಡಾಡುವ ಕೆಲಸ ಬೇರೆ. ಕಳೆದ ವರ್ಷ ಸೋಲಾರ್ ಪಂಪ್ ಹಾಕಿಸಿದೆವು, 4.8 ಕಿಲೋವ್ಯಾಟ್ ಪ್ಯಾನೆಲ್. ಖರೇ ಹೇಳ್ತೀನಿ, ಬಹಳ ಖುಷಿಯಾಗಿದೆ. ಬೆಳಗ್ಗೆ ಒಂಬತ್ತರ ಮೇಲೆ ನೀರು ಜೋರಾಗಿ ಬರುತ್ತದೆ, ರಾತ್ರಿ ಕರೆಂಟ್ ಕಾಯುತ್ತಾ ಹೊಲದಲ್ಲಿ ಕೂರುವುದು ತಪ್ಪಿತು.

ಶ್ರಾವಣದ ಮೋಡದಲ್ಲಿ ನೀರು ಕಡಿಮೆ, ಆದರೆ ಆಗ ಮಳೆ ಇರುತ್ತದಲ್ವಾ. ಕಪ್ಪತಗುಡ್ಡದ ಕಡೆಯಿಂದ ಗಾಳಿ ಬೀಸಿದರೆ ಪ್ಯಾನೆಲ್ ಮೇಲೆ ಧೂಳು ಜಾಸ್ತಿ, ವಾರಕ್ಕೊಮ್ಮೆ ಒರೆಸಲೇಬೇಕು. ಬೇಜಾರಾಗಿದ್ದು ಸರ್ವಿಸ್. ಪ್ಯಾನೆಲ್ ಕರೆಂಟಿನಿಂದ ಪಂಪ್ ನಡೆಸುವ ಕಂಟ್ರೋಲರ್ ಕೆಟ್ಟಾಗ ಹಾಕಿಕೊಟ್ಟವರು ಹನ್ನೊಂದು ದಿನ ಬರಲಿಲ್ಲ, ಸಸಿ ಬಾಡಿದವು.

ಡೀಸೆಲ್ ಬದಲು ಹೈಡ್ರೋಜನ್ ಇಂಧನ ಬರುತ್ತದೆ, ಸೋಲಾರ್‌ಗೆ ಅವಸರ ಬೇಡ, ತಡೀರಿ ಅಂತ ಕೆಲವರು ಹೇಳಿದರು. ನೀರಿನಿಂದ 1 ಕಿಲೋ ಹೈಡ್ರೋಜನ್ ಮಾಡಲು ಸುಮಾರು 50 ಯೂನಿಟ್ ಕರೆಂಟ್ ಬೇಕು, ಅದರಲ್ಲಿ ವಾಪಸ್ ಸಿಗುವ ಶಕ್ತಿ 33 ಯೂನಿಟ್ ಅಷ್ಟೇ. ಉಕ್ಕಿನ ಕಾರ್ಖಾನೆಗೆ, ರಸಗೊಬ್ಬರಕ್ಕೆ ಅದು ಬೇಕಾಗಬಹುದು. ಬೋರ್‌ವೆಲ್ಲಿಗೆ ಬಿಸಿಲೇ ಸಾಕು, ಸುಮ್ನೆ ಕಾಯಬೇಡಿ. ಹಾಕಿಸುವ ಮೊದಲು ಸರ್ವಿಸ್‌ಗೆ ಎಷ್ಟು ದಿನದಲ್ಲಿ ಬರುತ್ತೀರಿ ಅಂತ ಬರೆಸಿಕೊಳ್ಳಿ.