ಪವರ್‌ಸಿಎಲ್ಐ: ಇಷ್ಟೊಂದು ಪ್ರಶ್ನೆ ಯಾಕೆ ಕೇಳುತ್ತೆ?

ವಿಎಂವೇರ್ ಪವರ್‌ಸಿಎಲ್ಐ ಅಂದರೆ ವರ್ಚುವಲ್ ಮಷಿನ್ನುಗಳನ್ನು (ವಿಎಂ, ಸಾಫ್ಟ್‌ವೇರಿನಲ್ಲೇ ಓಡೋ ಕಂಪ್ಯೂಟರ್) ಕಮಾಂಡ್ ಬರೆದು ನಿಭಾಯಿಸೋ ಟೂಲು. ಅದು ಏನೇನು ಮಾಡುತ್ತೆ ಅಂತ ಇಲ್ಲಿ ವಿವರವಾಗಿ ಬರೆಯೋದಿಲ್ಲ. ವಿಎಂಗಳನ್ನೆಲ್ಲ ಒಂದೇ ಕಡೆಯಿಂದ ನೋಡಿಕೊಳ್ಳೋ ವಿ-ಸೆಂಟರ್ ನಂಬಿಕೊಂಡು ಹೊಟ್ಟೆ ಹೊರೆಯೋರಿಗೆ ಅದೆಲ್ಲ ಗೊತ್ತಿರೋದೇ. ನನ್ನ ತಕರಾರು, ಖುಷಿ ಎರಡೂ ಅದನ್ನು ಇನ್‌ಸ್ಟಾಲ್ ಮಾಡೋ ವಿಷಯದಲ್ಲಿ. ಪುಣೆಯ ಹಿಂಜವಡಿಯಲ್ಲಿ ಕೂತು ಮುಂಬಯಿಯ ಡೇಟಾ ಸೆಂಟರ್ ನೋಡಿಕೊಳ್ಳೋ ನಮಗೆ, ಒಂದೊಂದು ಸರ್ವರಿಗೂ ಲಾಗಿನ್ ಆಗಿ ‘ನೆಕ್ಸ್ಟ್, ನೆಕ್ಸ್ಟ್, ಫಿನಿಷ್’ ಒತ್ತೋಕೆ ಪುರುಸೊತ್ತಿಲ್ಲ.

6.5ನೇ ಆವೃತ್ತಿವರೆಗೆ ಇದು ಇಎಕ್ಸ್ಇ ಫೈಲಾಗಿ ಬರ್ತಿತ್ತು. ಪ್ರಶ್ನೆ ಕೇಳದೆ ಸುಮ್ಮನೆ ಇನ್‌ಸ್ಟಾಲ್ ಆಗಲಿ ಅಂದರೆ ಕಮಾಂಡಿನ ಕೊನೆಗೆ ಸ್ಲ್ಯಾಶ್ ಎಸ್, ಆಮೇಲೆ ಸ್ಲ್ಯಾಶ್ ವಿ, ಅದಕ್ಕಂಟಿಕೊಂಡೇ ಕೋಟ್ಸ್ ಒಳಗೆ ಸ್ಲ್ಯಾಶ್ ಕ್ಯೂಎನ್. ವಿ ಆದಮೇಲೆ ಸ್ಪೇಸ್ ಬಿಟ್ಟರೆ ಕೆಟ್ಟಿತು. ಎಕ್ಸಿಟ್ ಕೋಡ್ 0 ಬಂದರೆ ಗೆದ್ದಿರಿ, 3010 ಅಂದರೆ ರೀಬೂಟ್ ಬೇಕು, 1603 ಬಂದರೆ ಲಾಗ್ ಬಿಚ್ಚಿಕೊಂಡು ಕೂರಬೇಕು.

2017ರಲ್ಲಿ 6.5.1 ಬಂದಮೇಲೆ ಇದು ಪವರ್‌ಶೆಲ್ ಗ್ಯಾಲರಿಯ (ಮೈಕ್ರೋಸಾಫ್ಟ್‌ನ ಪವರ್‌ಶೆಲ್ ಕಮಾಂಡ್ ಭಾಷೆಗೆ ಬೇಕಾದ ಕಟ್ಟುಗಳು ಸಿಗೋ ಆನ್‌ಲೈನ್ ಉಗ್ರಾಣ) ಮಾಡ್ಯೂಲ್ ಆಯ್ತು. ‘ಇನ್‌ಸ್ಟಾಲ್-ಮಾಡ್ಯೂಲ್’ ಅನ್ನೋ ಒಂದೇ ಸಾಲು ಸಾಕು ಅಂತಾರೆ. ಹೊಸ ಸರ್ವರಿನಲ್ಲಿ ಓಡಿಸಿ ನೋಡಿ: ನ್ಯೂಗೆಟ್ ಪ್ರೊವೈಡರ್ (ಗ್ಯಾಲರಿಯಿಂದ ಮಾಡ್ಯೂಲ್ ಇಳಿಸಿಕೊಡೋ ತುಣುಕು) ಬೇಕು, ಹಾಕಲಾ? ಈ ಗ್ಯಾಲರಿ ಮೇಲೆ ನಂಬಿಕೆ ಇದೆಯಾ? ಎದುರಿಗೆ ಕೂತಿದ್ದರೆ ವೈ ಒತ್ತಬಹುದು. ಶೆಡ್ಯೂಲ್ಡ್ ಟಾಸ್ಕಿನಲ್ಲಿ ಸಿಸ್ಟಂ ಅಕೌಂಟಿನಿಂದ ಓಡುವಾಗ ಉತ್ತರ ಹೇಳೋರು ಯಾರು? ಪಕ್ಕದ ಸೀಟಿನ ಹುಬ್ಬಳ್ಳಿ ಹುಡುಗ ಒಂದು ರಾತ್ರಿ ಇಣುಕಿ ನೋಡಿ, ‘ಏನ್ರೀ ಸರ, ಇನ್ನೂ ರನ್ನಿಂಗ್ ಅಂತನ ತೋರಿಸಾಕತ್ತೈತಲ್ರಿ?’ ಅಂದ. ಎಲ್ಲಿಯ ರನ್ನಿಂಗ್! ಕರೆಗಂಟೆ ಕೆಟ್ಟ ಮನೆಯ ಮುಂದೆ ನಿಂತ ನೆಂಟನ ಹಾಗೆ ಅದು ಸುಮ್ಮನೆ ಕಾಯ್ತಾ ಇತ್ತು.

ಮದ್ದು ಇದೆ. ಮೊದಲು ನ್ಯೂಗೆಟ್ಟನ್ನು ‘ಫೋರ್ಸ್’ ಕೊಟ್ಟು ಹಾಕಿ, ಗ್ಯಾಲರಿಯನ್ನು ‘ಟ್ರಸ್ಟೆಡ್’ ಮಾಡಿ, ಸ್ಕೋಪ್ ‘ಆಲ್‌ಯೂಸರ್ಸ್’ ಇಡಿ. ಹಳೇ ವಿಂಡೋಸ್ ಆದರೆ ಟಿಎಲ್ಎಸ್ 1.2 (ಸಂಪರ್ಕವನ್ನು ಗುಪ್ತವಾಗಿಡೋ ವಿಧಾನ) ಆನ್ ಮಾಡಲೇಬೇಕು. 2020ರ ಏಪ್ರಿಲ್‌ನಿಂದ ಗ್ಯಾಲರಿ ಅದಕ್ಕಿಂತ ಹಳೆಯದನ್ನು ಹತ್ತಿರ ಸೇರಿಸೋದಿಲ್ಲ.

ಆಮೇಲೆ ಇಂಟರ್ನೆಟ್ಟೇ ಇಲ್ಲದ ಸರ್ವರುಗಳ ಸರದಿ ಬಂತು. ಬೈಯೋಕೆ ತಯಾರಾಗಿಯೇ ಕೂತಿದ್ದೆ, ಬೈಗುಳ ಬಾಯಲ್ಲೇ ಉಳೀತು. ನೆಟ್ ಇರೋ ಮಷಿನ್ನಿನಲ್ಲಿ ‘ಸೇವ್-ಮಾಡ್ಯೂಲ್’, ಬಂದ ಫೋಲ್ಡರುಗಳನ್ನು ಪ್ರೋಗ್ರಾಂ ಫೈಲ್ಸ್ ಒಳಗಿನ ವಿಂಡೋಸ್‌ಪವರ್‌ಶೆಲ್ ಮಾಡ್ಯೂಲ್ಸ್ ಜಾಗಕ್ಕೆ ಕಾಪಿ, ಕೊನೆಗೆ ವಿಂಡೋಸಿನ ತಡೆ ತೆಗೆಯೋ ಒಂದು ‘ಅನ್‌ಬ್ಲಾಕ್-ಫೈಲ್’. ಇನ್‌ಸ್ಟಾಲರ್ ಇಲ್ಲ, ರೀಬೂಟ್ ಇಲ್ಲ, ಪ್ರಶ್ನೆಯಂತೂ ಇಲ್ಲವೇ ಇಲ್ಲ. ಈಗ ನೆಟ್ ಇರೋ ಸರ್ವರುಗಳಿಗೂ ಹೀಗೇ ಹಾಕ್ತೀನಿ. ಬಳಕೆ ಮಾಹಿತಿ ಹಂಚಿಕೊಳ್ಳಿ ಅಂತ ಬರೋ ಸಿಇಐಪಿ ಸಾಲನ್ನೂ ಸೆಟ್-ಪವರ್‌ಸಿಎಲ್ಐಕಾನ್ಫಿಗರೇಷನ್ನಿನಲ್ಲಿ ಒಂದೇ ಸಲ ‘ಫಾಲ್ಸ್’ ಮಾಡಿಬಿಟ್ಟರೆ ಲಾಗ್ ಚೊಕ್ಕಟ.

ಬೆಳಿಗ್ಗೆ ನನ್ನ ಮೊದಲ ಕೆಲಸ ಸ್ನ್ಯಾಪ್‌ಶಾಟ್ (ವಿಎಂನ ಒಂದು ಕ್ಷಣದ ಸ್ಥಿತಿಯನ್ನು ಹಿಡಿದಿಟ್ಟದ್ದು) ಬೇಟೆ. ಮಾಡ್ಯೂಲ್ ಲೋಡ್ ಆಗೋದು ನಿಧಾನ. ಕೆಳಗಿನ ಅಮೃತತುಲ್ಯ ಚಹಾದಂಗಡಿಯಿಂದ ತಂದ ಚಹಾ ಅಷ್ಟರಲ್ಲಿ ಅರ್ಧ ಖಾಲಿ. ‘ಗೆಟ್-ವಿಎಂ’, ಪೈಪ್, ‘ಗೆಟ್-ಸ್ನ್ಯಾಪ್‌ಶಾಟ್’, ಮೂರು ದಿನ ದಾಟಿದವು ಮಾತ್ರ. ಒಂದು ಸ್ನ್ಯಾಪ್‌ಶಾಟನ್ನು 72 ಗಂಟೆಗಿಂತ ಹೆಚ್ಚು ಇಡಬೇಡಿ ಅಂತ ವಿಎಂವೇರೇ ಹೇಳುತ್ತೆ, ಯಾರು ಕೇಳ್ತಾರೆ? ‘ಬಿಫೋರ್-ಪ್ಯಾಚ್-ಫೈನಲ್-2’ ಅಂತ ಹೆಸರಿಟ್ಟು ಮರೆತವರಿಗೆ ಫೋನ್ ಮಾಡಿ ‘ಹೇ ಡಿಲೀಟ್ ಕರೂ ಕಾ?’ (ಇದನ್ನು ಅಳಿಸಲಾ?) ಅಂತ ಮರಾಠಿಯಲ್ಲಿ ಕೇಳೋದರಲ್ಲಿ ಒಂಥರಾ ಸುಖ ಇದೆ.

ಟೂಲಿಗೆ ದುಡ್ಡಿಲ್ಲ. ಆದರೆ ಕೈಕಾಸಿನಲ್ಲಿ ಮನೆಯಲ್ಲೇ ಕಲೀತೀನಿ ಅನ್ನೋರು ಗಮನಿಸಿ: ವಿಎಂಗಳನ್ನು ಓಡಿಸೋ ಇಎಸ್ಎಕ್ಸ್ಐನ ಉಚಿತ ಲೈಸೆನ್ಸಿನಲ್ಲಿ ಎಪಿಐ (ಸ್ಕ್ರಿಪ್ಟುಗಳು ಅದರ ಜೊತೆ ಮಾತಾಡೋ ದಾರಿ) ಬರೀ ಓದೋಕೆ. ವಿಎಂಗಳ ಪಟ್ಟಿ ಸಿಗುತ್ತೆ, ಸ್ಟಾರ್ಟ್ ಮಾಡು ಅಂದರೆ ಒಪ್ಪೋದಿಲ್ಲ. ಹಾಗಾಗಿ ಮನೆಯಲ್ಲಿ ವಿಎಂ ಓಡಿಸೋಕೆ ಮೈಕ್ರೋಸಾಫ್ಟ್‌ನ ಹೈಪರ್-ವಿ ಇಟ್ಟುಕೊಂಡಿದ್ದೀನಿ. ಅದರಲ್ಲೂ ಗೆಟ್-ವಿಎಂ ಅನ್ನೋ ಕಮಾಂಡೇ ಇರೋದರಿಂದ ಪವರ್‌ಸಿಎಲ್ಐಗೂ ಅದಕ್ಕೂ ಜಗಳ. ಇನ್‌ಸ್ಟಾಲ್ ಮಾಡುವಾಗ ‘ಅಲೌಕ್ಲಾಬರ್’ (ಅದೇ ಹೆಸರಿನ ಕಮಾಂಡ್ ಇದ್ದರೂ ಪರವಾಗಿಲ್ಲ ಅನ್ನೋ ಆಯ್ಕೆ) ಹಾಕಿ, ಸ್ಕ್ರಿಪ್ಟಿನಲ್ಲಿ ಕಮಾಂಡಿನ ಮುಂದೆ ಮಾಡ್ಯೂಲ್ ಹೆಸರನ್ನೂ ಸೇರಿಸಿ ಬರೀರಿ.